ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು



ರಾಯಬಾಗ ತಾಲ್ಲೂಕಿನ ಅಲಖನೂರ, ಚಿಕ್ಕೋಡಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಊರು. ಅಲ್ಲಿ 2005ರ ಮಾರ್ಚ್ ತಿಂಗಳಲ್ಲಿ ಹುಟ್ಟಿದ ಒಬ್ಬ ಹುಡುಗಿ ಇದ್ದಾಳೆಂದು ಭಾವಿಸಿ. 2023ರ ಮಾರ್ಚಿನಲ್ಲಿ ಅವಳಿಗೆ ಹದಿನೆಂಟು ತುಂಬಿತು. ಅದೇ ವರ್ಷ ಮೇ 10ರಂದು ನಮ್ಮ ವಿಧಾನಸಭೆಗೆ ಮತದಾನ ನಡೆಯಿತು. ಅವಳು ಮತ ಹಾಕಬಹುದಿತ್ತೇ? ಹಳೆಯ ನಿಯಮದಂತೆ ಇಲ್ಲ. ಹೊಸ ನಿಯಮದಂತೆ ಹೌದು. ಈ ವ್ಯತ್ಯಾಸ ಹೇಗೆ ಬಂದಿತೆಂಬುದನ್ನು ಈಗ ನೋಡೋಣ.

ಸಂವಿಧಾನದ 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆದರೆ ವಯಸ್ಸನ್ನು ಲೆಕ್ಕ ಹಾಕುವ ದಿನ ಮಾತ್ರ ವರ್ಷಕ್ಕೆ ಒಂದೇ ಆಗಿತ್ತು: ಜನವರಿ 1. ಜನವರಿ 2ರಂದು ಹದಿನೆಂಟು ತುಂಬಿದವರೂ ಮುಂದಿನ ಜನವರಿಯವರೆಗೆ ಕಾಯಬೇಕಾಗಿತ್ತು. ನಡುವೆ ಚುನಾವಣೆ ಬಂದುಹೋದರೆ ಐದು ವರ್ಷಗಳ ಅವಕಾಶವೇ ಕೈತಪ್ಪಿದಂತೆ. ಸಂಸತ್ತು 2021ರಲ್ಲಿ ಈ ಕಾನೂನನ್ನು ತಿದ್ದಿತು. 2022ರ ಆಗಸ್ಟ್ 1ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ಅರ್ಹತಾ ದಿನಗಳಾದವು. ಹದಿನೇಳು ದಾಟಿದವರು ನಮೂನೆ 6ನ್ನು ಮುಂಗಡವಾಗಿಯೇ ಸಲ್ಲಿಸಬಹುದು.

ಇದು ಕೇಂದ್ರದ ಕಾನೂನು. ನಮ್ಮೂರ ಪಂಚಾಯಿತಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ನಡೆಯುವುದು 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ. ಆದರೆ ಆ ಕಾಯ್ದೆಯೂ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಆಧಾರವಾಗಿ ಹಿಡಿದಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದೆಹಲಿಗೆ ಯಾರು, ಬೆಂಗಳೂರಿಗೆ ಯಾರು, ನಿಮ್ಮ ಓಣಿಯ ನೀರು, ಬೀದಿದೀಪ ನೋಡಿಕೊಳ್ಳುವವರು ಯಾರು ಎಂಬ ಮೂರೂ ತೀರ್ಮಾನಗಳಲ್ಲಿ ನಿಮಗೆ ಮಾತಿರುವುದಿಲ್ಲ.

ಇನ್ನು ಕೆಲವು ಎಚ್ಚರದ ಮಾತುಗಳು. ಹದಿನೆಂಟು ತುಂಬಿದೊಡನೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ, ಅರ್ಜಿ ಕೊಡಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ಆದ್ದರಿಂದ ಪ್ರಚಾರದ ಸದ್ದು ಕೇಳಿದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ.

ಬೆಳಗಾವಿಯಲ್ಲೋ ಧಾರವಾಡದಲ್ಲೋ ಹಾಸ್ಟೆಲಿನಲ್ಲಿದ್ದು ಓದುವವರು ಊರಿನಲ್ಲಾಗಲಿ, ಓದುವ ಸ್ಥಳದಲ್ಲಾಗಲಿ ಹೆಸರು ಸೇರಿಸಬಹುದು. ಆದರೆ ಒಂದೇ ಕಡೆ. ಎರಡು ಕಡೆ ಇರುವುದನ್ನು ಕಾನೂನು ಒಪ್ಪುವುದಿಲ್ಲ; ಅರ್ಜಿಯಲ್ಲಿ ತಿಳಿದೂ ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಸ್ಥಳ ಬದಲಾದರೆ ನಮೂನೆ 8 ಇದೆ.

ಒಮ್ಮೆ ಸೇರಿದ ಹೆಸರು ಎಂದೆಂದಿಗೂ ಇರುತ್ತದೆಂದು ನಂಬಿ ಕೂಡಬೇಡಿ. ಊರಲ್ಲಿ ವಾಸವಿಲ್ಲವೆಂದು ಯಾರ ಹೆಸರನ್ನಾದರೂ ತೆಗೆಯುವ ಮುನ್ನ ಅವರ ಅಹವಾಲು ಕೇಳಬೇಕೆಂದು ಕಾನೂನು ಹೇಳುತ್ತದೆ. ಕರಡು ಪಟ್ಟಿ ಪ್ರಕಟವಾದಾಗ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಹೋಗಿ ನೋಡಿ. ನಿಮ್ಮ ಹೆಸರಿನ ಜೊತೆಗೆ, ಓದು ಬಾರದ ಅಜ್ಜಿಯ ಹೆಸರನ್ನೂ, ಕಬ್ಬು ಕಡಿಯಲು ಊರು ಬಿಟ್ಟು ಹೋದ ನೆರೆಮನೆಯವರ ಹೆಸರನ್ನೂ ನೋಡಿ. ಅಕ್ಷರ ಕಲಿತವರು ಊರಿಗೆ ಮಾಡಬಹುದಾದ ಮೊದಲ ಸೇವೆ ಇದು.