ಹುಡಗಿಯ ವಿದ್ಯಾರ್ಥಿನಿಯೂ ರಸಾಯನಶಾಸ್ತ್ರವೂ

ಹುಮನಾಬಾದಿನ ಸಮೀಪ ಹುಡಗಿ ಎಂಬ ಊರಿದೆ. ಅಲ್ಲಿನ ಪರಿಚಿತರ ಮಗಳೊಬ್ಬಳು 2022ರಲ್ಲಿ ಬಿ.ಎ. ತರಗತಿಗೆ ಸೇರಿದಳು. ಕನ್ನಡ ಮತ್ತು ಇತಿಹಾಸ ಅವಳ ಮುಖ್ಯ ವಿಷಯಗಳು. ಹಿಂದಿನ ವರ್ಷವಷ್ಟೇ ರಾಜ್ಯದಲ್ಲಿ ಜಾರಿಯಾಗಿದ್ದ ಹೊಸ ಶಿಕ್ಷಣ ನೀತಿಯಂತೆ, ಮುಖ್ಯ ವಿಷಯಗಳ ಹೊರಗಿನದೊಂದನ್ನು ‘ಓಪನ್ ಎಲೆಕ್ಟಿವ್’ ಎಂದು ಓದಲೇಬೇಕಾಗಿತ್ತು. ಒಂದು ಸಂಜೆ ಅವಳು ಬಂದು ಕೇಳಿದಳು: “ಕಾಕಾ, ಕೆಮಿಸ್ಟ್ರಿ ತಗೊಂಡ್ರ ನಪಾಸಾಗ್ತಿ ಅಂತಾರ್ರಿ ಗೆಳತ್ಯಾರು. ಏನ್ ಮಾಡ್ಲಿ?”

ಮೊದಲು ಪಠ್ಯಕ್ರಮವನ್ನು ತಂದು ತೋರಿಸು ಎಂದೆ. ಬಿ.ಎಸ್ಸಿ.ಯವರು ಓದುವ ರಸಾಯನಶಾಸ್ತ್ರಕ್ಕೂ ಹೊರಗಿನವರಿಗೆಂದೇ ರಚಿಸಿದ ಪತ್ರಿಕೆಗೂ ಹೆಸರಿನ ನಂಟಷ್ಟೇ ಹೆಚ್ಚು. ಅಲ್ಲಿ ಮೋಲ್ ಲೆಕ್ಕ, ಪರಮಾಣು ರಚನೆಯ ಗಣಿತ. ಇಲ್ಲಿ ಸಾಬೂನು, ಹಾಲು, ಗೊಬ್ಬರ, ಔಷಧ. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನೂ ವಿಚಾರಿಸಿಕೊಂಡು ಬರಲು ಹೇಳಿದೆ. ಗೆಳತಿಯರ ಭಯಕ್ಕಿಂತ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಒಂದು ಕಾಲಕ್ಕೆ ಈ ಭಾಗದವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ಉರ್ದುವಿನಲ್ಲಿ ಓದಿದರು. ಆಮೇಲೆ ಇಂಗ್ಲಿಷ್ ಬಂತು. ಕನ್ನಡದ ಸರದಿ ಬರಲು ಬಹಳ ತಡವಾಯಿತು.

ನಾನು ನನ್ನ ಕಾಲದಲ್ಲಿ ಸುಲಭದ ಅಂಕಗಳ ಆಸೆಗೆ ವಿಜ್ಞಾನದಿಂದ ತಪ್ಪಿಸಿಕೊಂಡವನು. ಅದರ ದಂಡವನ್ನು ಇಂದಿಗೂ ತೆರುತ್ತಿದ್ದೇನೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಬಾವಿಯ ನೀರಿನ ಪರೀಕ್ಷಾ ವರದಿಯನ್ನು ಯಾರಾದರೂ ಕೈಗಿತ್ತರೆ, ಪಿ.ಎಚ್. 4 ಎಂಬುದು 6ಕ್ಕಿಂತ ನೂರು ಪಟ್ಟು ಹೆಚ್ಚು ಆಮ್ಲೀಯವೆಂದು ನಾನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕು. ಎರಡೇ ಅಂಕೆಯ ಅಂತರವೆಂದು ಸುಮ್ಮನಿದ್ದುಬಿಡುವವನು ನಾನು! ಇದನ್ನು ಅವಳಿಗೆ ಮುಚ್ಚಿಡದೆ ಹೇಳಿದೆ. ಆದರೆ ನಪಾಸಾದರೆ ಮತ್ತೆ ಶುಲ್ಕ ಕಟ್ಟಬೇಕಾದವರು ಅವಳ ತಂದೆ, ನಾನಲ್ಲ, ಆದ್ದರಿಂದ ಒತ್ತಾಯಿಸಲಿಲ್ಲ.

ಅವಳು ರಸಾಯನಶಾಸ್ತ್ರವನ್ನೇ ಆರಿಸಿಕೊಂಡಳು. (ಆ ವ್ಯವಸ್ಥೆಯನ್ನು ಸರ್ಕಾರ 2024ರಲ್ಲಿ ಕೈಬಿಟ್ಟಿತು, ಆ ಚರ್ಚೆ ಇಲ್ಲಿ ಬೇಡ.) ಸೆಮಿಸ್ಟರ್ ಮುಗಿದ ಮೇಲೆ ನಮ್ಮ ಮನೆಗೆ ಬಂದವಳು ಕಪಾಟಿನಲ್ಲಿದ್ದ ಬಿದ್ರಿಯ ಡಬ್ಬಿಯನ್ನು ಕೈಗೆತ್ತಿಕೊಂಡಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣ ತಾಗಿಸಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಅದೇಕೆಂದು ನಾನು ಎಂದೂ ಯೋಚಿಸಿದವನಲ್ಲ.

“ಸತುವು ಎಲೆಕ್ಟ್ರಾನ್ ಲಗೂನ ಬಿಟ್ಟುಕೊಡ್ತದ್ರಿ ಕಾಕಾ, ಬೆಳ್ಳಿ ಜಿಪುಣ,” ಎಂದಳು.

ಅಂಕವೆಷ್ಟು ಬಂತೆಂದು ಕೇಳಿದೆ. ಅರವತ್ತಕ್ಕೆ ಮೂವತ್ತೊಂದು ಎಂದು ಹೇಳಿ, ಡಬ್ಬಿಯನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿಟ್ಟಳು.