ನಿಂಬೆ ನಮ್ಮದು, ದ್ರಾಕ್ಷಿ ನಮ್ಮದು, ಬಾಟ್ಲಿ ಯಾರದು?

(ದೇವನಹಳ್ಳಿ ತಾಲೂಕಿನ ಹಳ್ಳಿಯೊಂದರಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಾಲದ ಮಾತು, ಬೆಲೆಯ ಮಾತು ಬೆಳಗ್ಗೆಯಿಂದ ಬೇಕಾದಷ್ಟು ಆಯಿತು. ನನಗೆ ಕೊಟ್ಟಿರೋದು ಪಾನಕದ ವಿಷಯ. ಹಿಂದೆ ಕೂತಿರೋರು ನಗ್ತಾ ಇದ್ದೀರಿ. ನಗಿ, ತಪ್ಪೇನಿಲ್ಲ. ಆದರೆ ಈ ಪಾನಕದೊಳಗೂ ಅದೇ ಬೆಲೆಯ ಮಾತಿದೆ, ಅದೇ ಸಾಲದ ಮಾತಿದೆ ಅಂತ ತೋರಿಸಿಕೊಡೋಕೆ ನಾನು ನಿಂತಿರೋದು.

ಹೋದ ಬೇಸಿಗೆಯಲ್ಲಿ ನಿಮ್ಮ ಮನೆಗೆ ಬೀಗರು ಬಂದಾಗ ಏನು ಕೊಟ್ಟಿರಿ? ಹುಡುಗನ್ನ ಅಂಗಡಿಗೆ ಓಡಿಸಿ ಎರಡು ಲೀಟರಿನ ಬಾಟ್ಲಿ ತರಿಸಿದಿರಿ. ಕೆಂಪಗಿರೋದೋ, ಹಳದಿಯದೋ, ಏನೋ ಒಂದು. ಹಿತ್ತಲಲ್ಲಿ ನಿಂಬೆಗಿಡ ಇದೆ. ತೋಟದಲ್ಲಿ ಬ್ಲೂ ದ್ರಾಕ್ಷಿ ಚಪ್ಪರದ ತುಂಬಾ ತೂಗ್ತಾ ಇದೆ. ಈಗೀಗ ಕೆಲವರ ಹೊಲದಲ್ಲಿ ಕಲ್ಲುಕಂಬಕ್ಕೆ ಹಬ್ಬಿಸಿದ ಡ್ರ್ಯಾಗನ್ ಹಣ್ಣೂ ಇದೆ. ಇಷ್ಟೆಲ್ಲ ಇಟ್ಟುಕೊಂಡು ಬಣ್ಣದ ನೀರನ್ನ ದುಡ್ಡು ಕೊಟ್ಟು ತಂದ್ವಿ. ಬೀಗರೂ ಅದನ್ನೇ ಮರ್ಯಾದೆ ಅಂತ ತಿಳಕೊಂಡ್ರು. ನಿಂಬೆಹಣ್ಣಿನ ಪಾನಕ ಕೊಟ್ಟಿದ್ರೆ ‘ಇವರಿಗೆ ಗತಿ ಇಲ್ಲ’ ಅಂತಿದ್ರೋ ಏನೋ! ಈ ಬುದ್ಧಿ ನಮಗೆ ಯಾವಾಗ ಬಂತು?

ನಾವು ಚಿಕ್ಕವರಿದ್ದಾಗ ಗೋಲಿ ಸೋಡಾ ಇತ್ತು, ‘ಕಲರ್’ ಇತ್ತು. ಜಾತ್ರೆಗೆ ಹೋದರೆ ಮಾತ್ರ ಅದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ವ್ಯಾಪಾರ ಕುದುರಿದರೆ ಅಪ್ಪ ಒಂದು ಕಲರ್ ಕೊಡಿಸ್ತಿದ್ರು. ಮನೆಯಲ್ಲಿ ಕುಡಿಯೋದು ಅಂದ್ರೆ ನೀರುಮಜ್ಜಿಗೆ, ರಾಮನವಮಿಗೆ ಬೆಲ್ಲದ ಪಾನಕ, ಬೇಸಿಗೆಯಲ್ಲಿ ಕರಬೂಜದ ಪಾನಕ, ಬೇಲದ ಹಣ್ಣಿನ ಪಾನಕ. 1977ರಲ್ಲಿ ಕೋಕಾಕೋಲಾ ಕಂಪನಿ ದೇಶ ಬಿಟ್ಟು ಹೋಯಿತು. ಆಗ ಕೇಂದ್ರ ಸರ್ಕಾರವೇ ‘ಡಬಲ್ ಸೆವೆನ್’ ಅಂತ ಒಂದು ಪಾನೀಯ ತಂತು. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯವರು ಅದರ ಸೂತ್ರ ಮಾಡಿಕೊಟ್ಟಿದ್ದರು. ಸ್ವದೇಶಿ ಅಂತ ಎಲ್ಲರಿಗೂ ಹೆಮ್ಮೆ. ಆದರೆ ಅದೂ ಕೋಲಾನೇ ಸ್ವಾಮಿ. ಕಂಪನಿ ಸ್ವದೇಶದ್ದು ಆದ ಮಾತ್ರಕ್ಕೆ ದ್ರಾಕ್ಷಿ ಬೆಳೆಯೋನಿಗೆ ಬಂದಿದ್ದೇನು? 1993ರಲ್ಲಿ ಕೋಕಾಕೋಲಾ ವಾಪಸ್ ಬಂತು. ಆಮೇಲಿನ ಕಥೆ ನಿಮ್ಮ ಹಳ್ಳಿಯ ಪೆಟ್ಟಿಗೆ ಅಂಗಡಿಯ ಫ್ರಿಜ್ಜೇ ಹೇಳುತ್ತೆ.

ಈಗ ಲೆಕ್ಕಕ್ಕೆ ಬರೋಣ. ಹಣ್ಣಿನ ಪಾನೀಯ ಅಂತ ಹೆಸರಿಟ್ಟು ಮಾರೋದಕ್ಕೆ ಕಾನೂನಿನಲ್ಲಿ ಅಳತೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಅದರಲ್ಲಿ ನೂರಕ್ಕೆ ಹತ್ತು ಭಾಗ ಹಣ್ಣಿನ ರಸ ಇದ್ದರೆ ಸಾಕು. ನಿಂಬೆಯದಾದರೆ ನೂರಕ್ಕೆ ಐದು ಭಾಗ ಸಾಕು. ಮಿಕ್ಕಿದ್ದು ನೀರು, ಸಕ್ಕರೆ, ಬಣ್ಣ, ವಾಸನೆ. ಹಾಗಂದ್ರೆ ಒಂದು ಲೀಟರ್ ದ್ರಾಕ್ಷಿ ಪಾನೀಯಕ್ಕೆ ನೂರು ಮಿಲಿ ರಸ. ಒಂದು ಕಿಲೋ ಬ್ಲೂ ದ್ರಾಕ್ಷಿ ಹಿಂಡಿದರೆ ಅರ್ಧ ಲೀಟರಿಗೆ ಕಮ್ಮಿ ಇಲ್ಲದಂತೆ ರಸ ಬರುತ್ತೆ. ಅಂದರೆ ನಿಮ್ಮ ಒಂದು ಕಿಲೋ ದ್ರಾಕ್ಷಿಯಿಂದ ಐದು ಲೀಟರ್ ಪಾನೀಯ. ಲೀಟರಿಗೆ ಅರವತ್ತು ರೂಪಾಯಿ ಅಂತ ಇಟ್ಟುಕೊಳ್ಳಿ, ಮುನ್ನೂರು ರೂಪಾಯಿ ಆಯಿತು. ತೋಟದಲ್ಲಿ ನಿಮ್ಮ ದ್ರಾಕ್ಷಿಗೆ ಕಿಲೋಗೆ ಇಪ್ಪತ್ತು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮುನ್ನೂರರಲ್ಲಿ ಇಪ್ಪತ್ತು!

ಮಿಕ್ಕ ಇನ್ನೂರ ಎಂಬತ್ತೂ ಕಂಪನಿಯವನ ಜೇಬಿಗೇ ಹೋಯಿತು ಅಂತ ನಾನು ಹೇಳಲ್ಲ. ಅದು ಸುಳ್ಳಾಗುತ್ತೆ. ಸಕ್ಕರೆ, ಬಾಟ್ಲಿ, ಲಾರಿ, ಅಂಗಡಿಯವನ ಕಮಿಷನ್ನು, ತೆರಿಗೆ ಎಲ್ಲ ಅದರಲ್ಲೇ ಇದೆ. 2025ರ ಸೆಪ್ಟೆಂಬರಿನಿಂದ ಹಣ್ಣಿನ ರಸದ ಪಾನೀಯಕ್ಕೆ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಗ್ಯಾಸ್ ತುಂಬಿದ್ದಕ್ಕೆ ಶೇಕಡಾ 40 ಇದೆ. ತೆರಿಗೆ ಇಳಿದದ್ದು ಸಂತೋಷ. ಆದರೆ ಇಳಿದ ತೆರಿಗೆಯಲ್ಲಿ ಒಂದು ಪೈಸೆಯಾದರೂ ನಿಮ್ಮ ದ್ರಾಕ್ಷಿಯ ರೇಟಿಗೆ ಸೇರಿತಾ? ಸೇರಿದೋರು ಕೈ ಎತ್ತಿ.

ಈಗ ಪಾನಕ ಮಾಡೋದು ಹೇಳ್ತೀನಿ. ತಾಯಂದಿರಿಗೆ ಇದು ಗೊತ್ತಿರೋದೇ. ಗೊತ್ತಿಲ್ಲದೆ ಇರೋದು ಈ ಮೀಸೆ ಹೊತ್ತೋರಿಗೆ, ಅದಕ್ಕೇ ಬಿಡಿಸಿ ಹೇಳ್ತೀನಿ.

ಹತ್ತು ಲೋಟಕ್ಕೆ ಎಂಟು ನಿಂಬೆಹಣ್ಣು, ಎರಡು ಲೀಟರ್ ನೀರು, ಕಾಲು ಕಿಲೋ ಸಕ್ಕರೆ, ಚಿಟಿಕೆ ಉಪ್ಪು. ಬೇಕಾದರೆ ಜಜ್ಜಿದ ಶುಂಠಿ, ಎರಡು ಏಲಕ್ಕಿ. ಮೊದಲು ಸಕ್ಕರೆಯನ್ನ ನೀರಿನಲ್ಲಿ ಪೂರ್ತಿ ಕರಗಿಸಿ. ನಿಂಬೆರಸ ಕೊನೆಗೆ. ಹಣ್ಣನ್ನ ಸಿಟ್ಟಿನಿಂದ ಹಿಂಡಬೇಡಿ, ಬೀಜ ಸಿಪ್ಪೆ ನುರಿದರೆ ಕಹಿ ಬಿಡುತ್ತೆ. ಬೆಳಗ್ಗೆ ಹಿಂಡಿಟ್ಟ ರಸ ಸಾಯಂಕಾಲಕ್ಕೆ ತಾನಾಗೇ ಕಹಿಯಾಗುತ್ತೆ, ಆದ್ದರಿಂದ ಕುಡಿಯೋ ಹೊತ್ತಿಗೆ ಹಿಂಡಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಬೇಡ, ಹುಳಿಗೆ ಕಿಲುಬು ಬಿಡುತ್ತೆ. ಸ್ಟೀಲು, ಗಾಜು, ಮಣ್ಣಿನ ಮಡಕೆ ಆಗಬಹುದು. ಬೆಲ್ಲ ಹಾಕಬಾರದೇ ಅಂತ ಮಂಡ್ಯದ ನೆಂಟರು ಕೇಳ್ತಾರೆ. ಧಾರಾಳವಾಗಿ ಹಾಕಿ. ಆದರೆ ಬೆಲ್ಲ ಹಾಕಿದ ಮೇಲೆ ಯಾವ ಹಣ್ಣಿನ ಬಣ್ಣವೂ ಕಾಣಲ್ಲ, ಎಲ್ಲ ಕಂದು.

ಇನ್ನು ಬಣ್ಣ. ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ಅರ್ಧ ತಗೊಂಡು, ಕಿವುಚಿ, ಜರಡಿಯಲ್ಲಿ ಸೋಸಿ ಈ ಪಾನಕಕ್ಕೆ ಸೇರಿಸಿ. ಕಣ್ಣು ಕೋರೈಸೋ ಗುಲಾಬಿ ಬಣ್ಣ! ಬೀಟ್‌ರೂಟಿನ ಜಾತಿಯ ಬಣ್ಣವೇ ಅದು. ಒಲೆ ಮೇಲೆ ಇಟ್ಟರೆ ಮಾಸಿಹೋಗುತ್ತೆ, ಹಸಿಯಾಗೇ ಹಾಕಬೇಕು. ನಿಂಬೆಯ ಹುಳಿ ಆ ಬಣ್ಣಕ್ಕೆ ಒಳ್ಳೇದು. ಹಣ್ಣಿಗೆ ಸ್ವಂತ ರುಚಿ ಅಷ್ಟಕ್ಕಷ್ಟೇ, ನಿಜ ಹೇಳಬೇಕು. ನಿಂಬೆ ಸೇರಿದಾಗಲೇ ಅದಕ್ಕೊಂದು ಜೀವ ಬರೋದು.

ನಮ್ಮ ಬ್ಲೂ ದ್ರಾಕ್ಷಿಯದು ಇದಕ್ಕೆ ಉಲ್ಟಾ. ಅದರ ಬಣ್ಣವೆಲ್ಲ ಸಿಪ್ಪೆಯಲ್ಲಿ. ಹಸಿಯಾಗಿ ಹಿಂಡಿದರೆ ಬಣ್ಣ ಸರಿಯಾಗಿ ಬಿಡಲ್ಲ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕುದಿಸಬೇಡಿ, ಸಿಪ್ಪೆ ಒಡೆದು ನೀರು ನೇರಳೆಯಾದರೆ ಸಾಕು. ಆರಿಸಿ, ಬಟ್ಟೆಯಲ್ಲಿ ಸೋಸಿ, ನಿಂಬೆರಸ ಬೆರೆಸಿ. ನೇರಳೆ ಇದ್ದದ್ದು ಕೆಂಪಿಗೆ ತಿರುಗುತ್ತೆ. ಇದನ್ನೇ ಮಕ್ಕಳಿಗೆ ತೋರಿಸಬೇಕಾದರೆ ಬೇಲಿಯ ಮೇಲಿನ ನೀಲಿ ಶಂಖಪುಷ್ಪ ಬಿಸಿನೀರಲ್ಲಿ ನೆನೆಸಿ ನಿಂಬೆ ಹಿಂಡಿ. ನೀಲಿ ನೀರು ಕಣ್ಣೆದುರಿಗೇ ನೇರಳೆಯಾಗುತ್ತೆ, ಶಾಲೆಯಲ್ಲಿ ಮೇಷ್ಟ್ರು ಮಾಡಿಸೋ ಪ್ರಯೋಗದ ಹಾಗೆ. ಸಿಟಿ ಹೋಟೆಲಿನಲ್ಲಿ ಒಂದೇ ಲೋಟದಲ್ಲಿ ಕೆಳಗೊಂದು ಬಣ್ಣ ಮೇಲೊಂದು ಬಣ್ಣ ನಿಲ್ಲಿಸಿ ನೂರೈವತ್ತು ರೂಪಾಯಿ ತಗೋತಾರಲ್ಲ, ಅದರಲ್ಲಿ ಮಂತ್ರ ಏನಿಲ್ಲ. ಸಕ್ಕರೆ ಜಾಸ್ತಿ ಇರೋ ರಸ ಭಾರ, ತಳದಲ್ಲಿ ಕೂರುತ್ತೆ. ತೆಳ್ಳಗಿರೋದನ್ನ ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಬಿಟ್ಟರೆ ಮೇಲೆ ನಿಲ್ಲುತ್ತೆ.

ದೇವನಹಳ್ಳಿಯಲ್ಲಿ ನಿಂತು ಚಕ್ಕೋತದ ಹೆಸರೆತ್ತದೆ ಹೋದರೆ ನೀವು ಬಿಡ್ತೀರಾ? ಬಿಳಿ ನಾರು, ತೊಳೆಯ ಮೇಲಿನ ಪೊರೆ ಎಲ್ಲ ತೆಗೆದು ಬರೀ ಗುಲಾಬಿ ತಿರುಳು ಬಿಡಿಸಿ ಪಾನಕಕ್ಕೆ ಉದುರಿಸಿ. ಕಹಿ ಇರೋದೆಲ್ಲ ಆ ಪೊರೆಯಲ್ಲೇ. ಕುಡಿಯುವಾಗ ಒಂದೊಂದೇ ತಿರುಳು ಬಾಯಿಗೆ ಸಿಗಬೇಕು, ಆ ಸುಖ ಯಾವ ಬಾಟ್ಲಿಯಲ್ಲೂ ಇಲ್ಲ. ನಮ್ಮ ಚಕ್ಕೋತಕ್ಕೂ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಿಕೆ, ಅದೇ ಜಿ.ಐ. ಗುರುತು, ಸಿಕ್ಕಿದೆ. ಗುರುತೇನೋ ಸಿಕ್ಕಿತು. ಮರ ಎಲ್ಲಿ? 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತ ಎಕರೆ ಎಕರೆಯೇ ಸೈಟುಗಳಾದವು, ಬಾವಿ ಬತ್ತಿದವು, ಬೋರು ಸಾವಿರ ಅಡಿ ದಾಟಿತು. ಹಣ್ಣಿಗೆ ಹೆಸರು ಬರೋ ಹೊತ್ತಿಗೆ ಹಣ್ಣೇ ಅಪರೂಪ ಆಯಿತು.

ಖರ್ಚು ಎಷ್ಟಾಯಿತು ನೋಡಿ. ನಿಂಬೆಹಣ್ಣು ಮೂರು ರೂಪಾಯಿಯಂತೆ ಇಪ್ಪತ್ತನಾಲ್ಕು. ಸಕ್ಕರೆ ಹನ್ನೊಂದು. ಅರ್ಧ ಡ್ರ್ಯಾಗನ್ ಹಣ್ಣು ಇಪ್ಪತ್ತೈದು ಅಂತ ಇಟ್ಟುಕೊಳ್ಳಿ. ಒಟ್ಟು ಅರವತ್ತು. ಬಾಟ್ಲಿಗೆ ಹೋಲಿಸಿದರೆ ಉಳಿತಾಯ ಭಾರಿ ಏನಲ್ಲ, ನಿಂಬೆ ತುಟ್ಟಿಯಾದ ದಿನ ಉಳಿತಾಯವೇ ಇಲ್ಲದಿರಬಹುದು. ಆದರೆ ಈ ಅರವತ್ತರಲ್ಲಿ ನಲವತ್ತೊಂಬತ್ತು ರೂಪಾಯಿ ಹಣ್ಣಿನದು, ನಮ್ಮದೇ ತೋಟದ್ದು. ಹನ್ನೊಂದರಲ್ಲೂ ಕಬ್ಬಿನವನ ಪಾಲು ಇದೆ. ಬಾಟ್ಲಿಯಲ್ಲಿ ಮುನ್ನೂರಕ್ಕೆ ಇಪ್ಪತ್ತು ಅಂದ್ನಲ್ಲ, ಅದನ್ನೂ ಇದನ್ನೂ ಪಕ್ಕಪಕ್ಕ ಬರೆದು ನೋಡಿ.

ಬಣ್ಣದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡ್ತೀನಿ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆಜ್ಞೆ ಮಾಡಿತು. ರೋಡಮಿನ್-ಬಿ ಅನ್ನೋ ಬಣ್ಣ ಸಿಕ್ಕಿತ್ತು, ಅದು ಬಟ್ಟೆಗೆ ಹಾಕೋ ಬಣ್ಣ. ಅದೇ ಜಾತ್ರೆಯಲ್ಲಿ ನಮ್ಮ ಮಕ್ಕಳು ಕುಡಿಯೋ ಕೆಂಪು ಶರಬತ್ತಿನಲ್ಲಿ ಏನಿದೆ ಅಂತ ಯಾರು ನೋಡ್ತಾರೆ? ಬಣ್ಣವೇ ಬೇಕು ಅಂದ್ರೆ ಹೊಲದಲ್ಲಿ ಬಿದ್ದಿದೆಯಲ್ಲಪ್ಪಾ!

ಇಷ್ಟಕ್ಕೇ ನಿಲ್ಲಿಸಿದರೆ ಅಡಿಗೆಯ ಪಾಠ ಆಯಿತು. ಮುಖ್ಯವಾದದ್ದು ಮುಂದೆ ಇದೆ.

ನಿಂಬೆ ಯಾವಾಗ ಮಾರುಕಟ್ಟೆಗೆ ರಾಶಿ ಬೀಳುತ್ತೆ? ಮಳೆಗಾಲದಲ್ಲಿ. ಡ್ರ್ಯಾಗನ್ ಹಣ್ಣು? ಅದೂ ಮಳೆಗಾಲದಲ್ಲೇ, ಜೂನಿನಿಂದ ಶುರು. ಜನ ಪಾನಕ ಕೇಳೋದು ಯಾವಾಗ? ಮಾರ್ಚಿ, ಏಪ್ರಿಲ್‌ನಲ್ಲಿ. 2022ರ ಏಪ್ರಿಲ್ ನೆನಪಿದೆಯಾ? ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೊಟ್ಟು ಪೇಟೆ ಜನ ಬಾಯಿ ಬಾಯಿ ಬಡಕೊಂಡ್ರು, ಪೇಪರಿನಲ್ಲೆಲ್ಲ ಅದೇ ಸುದ್ದಿ. ಮಳೆಗಾಲದಲ್ಲಿ ಕೂಲಿಯೂ ಹುಟ್ಟಲ್ಲ ಅಂತ ಹಣ್ಣು ಗಿಡದ ಬುಡದಲ್ಲೇ ಕೊಳೆತಾಗ ಯಾವ ಪೇಪರಿನಲ್ಲಿ ಬರುತ್ತೆ? ಹಣ್ಣು ಕಾಯಲ್ಲ, ಸಾಲದ ಕಂತೂ ಕಾಯಲ್ಲ. ಆದ್ದರಿಂದ ಮಂಡಿಯವನು ಹೇಳಿದ ಬೆಲೆಗೆ ಸುರಿದು ಬರ್ತೀವಿ.

ಡ್ರ್ಯಾಗನ್ ಹಣ್ಣಿನ ಕಥೆಯೂ ಅದೇ ದಾರಿ ಹಿಡೀತಾ ಇದೆ. ಎಕರೆಗೆ ನಾಲ್ಕೈದು ನೂರು ಕಂಬ, ಕಂಬಕ್ಕೆ ನಾಲ್ಕು ಗಿಡ, ಮೇಲೆ ಚಕ್ರ, ಹನಿ ನೀರಾವರಿ. ಲಕ್ಷಗಟ್ಟಲೆ ಸಾಲ ಮಾಡಿ ಹಾಕಿದ್ದೀರಿ. ವಿಯೆಟ್ನಾಮಿನ ಹಣ್ಣು ಬರ್ತಿದ್ದ ಕಾಲದ ರೇಟು ನೋಡಿ ಹಾಕಿದ್ದು. ಈಗ ಎಲ್ಲರೂ ಬೆಳೆದ್ರು, ಸುಗ್ಗಿಯಲ್ಲಿ ರೇಟು ಕುಸೀತು. 2021ರಲ್ಲಿ ಗುಜರಾತಿನವರು ಅದಕ್ಕೆ ಕಮಲಂ ಅಂತ ನಾಮಕರಣ ಮಾಡಿದ್ರು. ಹೆಸರು ಬದಲಾದರೆ ಬೆಲೆ ಬದಲಾಗುತ್ತಾ? ತುಮಕೂರು ಹತ್ತಿರದ ಹಿರೇಹಳ್ಳಿ ಕೇಂದ್ರದಲ್ಲಿ ವಿಜ್ಞಾನಿಗಳು ಈ ಹಣ್ಣಿನ ಮೇಲೆ ಕೆಲಸ ಮಾಡ್ತಾ ಇದ್ದಾರೆ, ಅವರನ್ನ ಕೇಳಿ. ಬೆಳೆಯೋದು ಹೇಗೆ ಅಂತ ಕೇಳಿದ್ದು ಸಾಕು, ಕೆಡದ ಹಾಗೆ ಇಡೋದು ಹೇಗೆ ಅಂತ ಕೇಳಿ.

ಇಡೋ ವಿದ್ಯೆ ಹೊಸದೇನಲ್ಲ. ಒಂದು ಲೀಟರ್ ನಿಂಬೆರಸ, ಎರಡು ಕಿಲೋ ಸಕ್ಕರೆ, ಒಂದು ಲೀಟರ್ ನೀರು. ಸಕ್ಕರೆ ಪಾಕ ಕಾಯಿಸಿ ಆರಿಸಿ ರಸ ಸೇರಿಸಿದರೆ ಸ್ಕ್ವಾಷು. ತಿಂಗಳುಗಟ್ಟಲೆ ಇರಬೇಕಾದರೆ ಸಂರಕ್ಷಕ ಬೇಕು, ಅದನ್ನ ಕಣ್ಣಂದಾಜಿನಲ್ಲಿ ಹಾಕೋ ಹಾಗಿಲ್ಲ, ತೂಕ ಮಾಡಿಯೇ ಹಾಕಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ನಿಂಬೆಗೆ ಹಾಕೋ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನ ದ್ರಾಕ್ಷಿ ರಸಕ್ಕೆ ಹಾಕಿದರೆ ಬಣ್ಣ ಬಿಳಚಿಕೊಳ್ಳುತ್ತೆ. ದ್ರಾಕ್ಷಿ, ನೇರಳೆಗೆ ಸೋಡಿಯಂ ಬೆಂಜೊಯೇಟು. ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೆಣ್ಣುಮಕ್ಕಳ ಸಂಘದೋರು ಅಲ್ಲಿಗೆ ಹೋಗಿ ಅಳತೆ ಕಲಿತು ಬನ್ನಿ. ಮಾರೋದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು.

ಇದನ್ನ ಒಬ್ಬೊಬ್ಬರೇ ಮಾಡೋಕಾಗಲ್ಲ, ಒಪ್ತೀನಿ. ಹತ್ತು ವರ್ಷದ ಹಿಂದೆ ರಸದ ಕಾರ್ಖಾನೆಯೊಂದಕ್ಕೆ ನಾನು ದ್ರಾಕ್ಷಿ ತಗೊಂಡು ಹೋಗಿದ್ದೆ. ಗೇಟಿನಲ್ಲಿ ಒಂದಿಡೀ ಹಗಲು ನಿಲ್ಲಿಸಿ, ಹಣ್ಣು ಬಾಡಿದೆ ಅಂತ ಬೆಲೆ ಮುರಿದ್ರು. ಒಂಟಿಯಾಗಿ ಹೋದರೆ ಅದೇ ಗತಿ. ಆದರೆ ನಮ್ಮ ಹಿರಿಯರು ಒಂಟಿಯಾಗಿ ಹೋಗಲಿಲ್ಲ, ಅದನ್ನ ಮರೀಬೇಡಿ. ಇವತ್ತಿನ ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದಾಗ ಅದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ತೋಟಗಾರಿಕೆಯ ಮರಿಗೌಡರು ಮುಂದೆ ನಿಂತು ಕಟ್ಟಿಸಿದ್ದು. ಆ ಸಂಘದ ಹೆಸರಿನಲ್ಲೇ ‘ಮಾರಾಟ’ ಅಂತಲೂ ಇತ್ತು, ‘ಸಂಸ್ಕರಣ’ ಅಂತಲೂ ಇತ್ತು. ಹಣ್ಣು ಮಾರಿದರೆ ಸಾಲದು, ರಸ ಮಾಡಬೇಕು ಅನ್ನೋದು ಅರವತ್ತು ವರ್ಷದ ಹಿಂದೆಯೇ ಅವರಿಗೆ ಹೊಳೆದಿತ್ತು. ಹಾಲಿಗೆ ಹಳ್ಳಿ ಹಳ್ಳಿಯಲ್ಲಿ ಡೈರಿ ಮಾಡಿಕೊಂಡ್ವಿ, ಬೆಳಗ್ಗೆ ಸಾಯಂಕಾಲ ಕ್ಯಾನ್ ಹಿಡಕೊಂಡು ಹೋಗ್ತೀವಿ. ಡೈರಿಯವರು ಕೊಡೋ ಬೆಲೆ ಸಾಲದು ಅಂತ ಜಗಳ ಆಡ್ತೀವಿ, ಆದರೆ ಜಗಳ ಆಡೋಕೆ ಒಂದು ಜಾಗವಾದರೂ ಇದೆ. ದ್ರಾಕ್ಷಿಗೆ, ನಿಂಬೆಗೆ ಆ ಜಾಗವೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿ ದ್ರಾಕ್ಷಿ ಚಪ್ಪರದಲ್ಲೇ ಒಣಗಿತಲ್ಲ, ಹೋಬಳಿಗೊಂದು ರಸ ತೆಗೆಯೋ ಮನೆ, ಒಂದು ಶೀತಲ ಕೋಣೆ ಇದ್ದಿದ್ರೆ ಅಷ್ಟೂ ಹಾಳಾಗ್ತಿತ್ತಾ? ಆ ಬೇಡಿಕೆಯನ್ನ ಈ ಸಭೆಯ ಠರಾವಿನಲ್ಲಿ ಸೇರಿಸಬೇಕು ಅಂತ ಅಧ್ಯಕ್ಷರನ್ನ ಕೇಳಿಕೊಳ್ತೀನಿ.

ಅದು ಆಗೋವಾಗ ಆಗಲಿ. ರಾಮನವಮಿಗೆ ಪ್ರತಿ ಹಳ್ಳಿಯಲ್ಲೂ ಪಾನಕ ಹಂಚ್ತೀವಿ, ಮದುವೆ ಕಾಲವೂ ಹತ್ತಿರ ಬಂತು. ಯಾರ ತೋಟದಲ್ಲಿ ಎಷ್ಟು ನಿಂಬೆ ಇದೆ, ಎಷ್ಟು ದ್ರಾಕ್ಷಿ ಇದೆ ಅಂತ ಬಾಗಿಲ ಹತ್ತಿರ ಕೂತಿರೋ ಹುಡುಗರ ಪುಸ್ತಕದಲ್ಲಿ ಬರೆಸಿ ಹೋಗಿ. ಮದುವೆ ಇರೋ ಮನೆಯೋರು ಎಷ್ಟು ಜನ ಅಂತ ಬರೆಸಿ. ರೇಟು ಇಲ್ಲೇ, ಕೊಡೋರು ತಗೊಳ್ಳೋರು ಎದುರು ಬದುರು ಕೂತು ಮಾಡಿಕೊಳ್ಳಿ. ಹೊರಗೆ ಎರಡು ಹಂಡೆ ಪಾನಕ ಇಟ್ಟಿದ್ದಾರೆ, ಒಂದು ದ್ರಾಕ್ಷಿಯದು, ಒಂದು ಡ್ರ್ಯಾಗನ್ ಹಣ್ಣಿನದು. ಲೋಟ ಕಮ್ಮಿ ಇದೆ, ಕುಡಿದೋರು ತೊಳೆದು ಮುಂದಿನವರಿಗೆ ಕೊಡಿ.