ಬೆನ್ನುನೋವು ಮತ್ತು ರಕ್ತದೊಳಗಿನ ಒಂದು ಪಟ್ಟಿ



ಈ ಶಾಲೆಯಲ್ಲಿ ಪ್ರನಾಳ ಹಿಡಿಯಲು ಕಲಿತ ನನಗೆ ಇಂದು ರಕ್ತಪರೀಕ್ಷೆಯೇ ವೃತ್ತಿ. ಆದ್ದರಿಂದ ಒಂದು ಪರೀಕ್ಷೆಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಕೋಳಿಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಆದರೆ 1845ರಲ್ಲಿ ಲಂಡನ್ನಿನ ವ್ಯಾಪಾರಿಯೊಬ್ಬರ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದು ಸಿಕ್ಕಿತು. ಅದರ ಗಸಿ ಕಾಯಿಸಿದಾಗ ಕರಗುತ್ತಿತ್ತು, ಆರಿದಾಗ ಮತ್ತೆ ಕಾಣಿಸುತ್ತಿತ್ತು. ಆ ರೋಗಿಯ ಮೂಳೆಗಳು ಮೆತ್ತಗಾಗಿದ್ದವು. ಇದನ್ನು ಪರೀಕ್ಷಿಸಿದ ಹೆನ್ರಿ ಬೆನ್ಸ್ ಜೋನ್ಸ್ ಅವರ ಹೆಸರೇ ಆ ಪ್ರೋಟೀನಿಗೆ ಉಳಿಯಿತು. ಅದು ಪ್ರತಿಕಾಯದ ಒಂದು ತುಂಡು ಎಂದು ಎಡೆಲ್ಮನ್ ಮತ್ತು ಗ್ಯಾಲಿ ತೋರಿಸಿಕೊಟ್ಟದ್ದು 1962ರಲ್ಲಿ.

ರೋಗದ ಹೆಸರು ಮಲ್ಟಿಪಲ್ ಮೈಲೋಮ. ಅಪರೂಪದ ರಕ್ತದ ಕ್ಯಾನ್ಸರ್. ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳು ನಮ್ಮನ್ನು ಕಾಯುವ ಬಗೆಬಗೆಯ ಪ್ರತಿಕಾಯಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಒಂದೇ ಕೋಶದ ಸಂತಾನ ಮಿತಿಮೀರಿದರೆ ಒಂದೇ ಅಚ್ಚಿನ ಪ್ರೋಟೀನು ರಾಶಿ ಬೀಳುತ್ತದೆ.

ಅದನ್ನು ಹಿಡಿಯುವ ಪರೀಕ್ಷೆ ಎಲೆಕ್ಟ್ರೋಫೋರೆಸಿಸ್. ಸೀರಮ್ಮನ್ನು ಜೆಲ್ ಮೇಲಿಟ್ಟು ವಿದ್ಯುತ್ ಹಾಯಿಸಿದರೆ ಪ್ರೋಟೀನುಗಳು ಬೇರೆಬೇರೆ ದೂರ ಓಡುತ್ತವೆ. ಆರೋಗ್ಯವಂತರ ಪ್ರತಿಕಾಯಗಳು ಆಟದ ಬಯಲಿನ ಮಕ್ಕಳಂತೆ ಹರಡಿಕೊಳ್ಳುತ್ತವೆ. ಈ ರೋಗದಲ್ಲಿ ಒಂದೇ ಕಡೆ ಗುಂಪುಗೂಡಿ ದಟ್ಟ ಪಟ್ಟಿಯಾಗಿ ನಿಲ್ಲುತ್ತವೆ. ಪಟ್ಟಿ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮಜ್ಜೆಯ ಪರೀಕ್ಷೆ, ಸ್ಕ್ಯಾನ್ ಆದ ಮೇಲೆಯೇ ತೀರ್ಮಾನ.

ಇದನ್ನು ಇಲ್ಲಿ ಏಕೆ ಹೇಳುತ್ತಿದ್ದೇನೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಅಡಿಕೆ ಹೊತ್ತವರಿಗೆ, ಕೂತು ಬೀಡಿ ಕಟ್ಟಿದವರಿಗೆ ಬೆನ್ನುನೋವು ಹೊಸದಲ್ಲ. ಹೆಚ್ಚಿನವರದ್ದು ದುಡಿಮೆಯ ನೋವೇ, ಹೆದರಬೇಕಾಗಿಲ್ಲ. ಆದರೆ ವಯಸ್ಸಾದವರಲ್ಲಿ ಬಿಡದ ಮೂಳೆನೋವಿನ ಜೊತೆ ರಕ್ತಹೀನತೆ, ಸುಸ್ತು, ಮತ್ತೆ ಮತ್ತೆ ಸೋಂಕು ಅಥವಾ ಕಿಡ್ನಿಯ ತೊಂದರೆ ಸೇರಿಕೊಂಡರೆ ಎಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿ ದಿನ ದೂಡಬೇಡಿ. ಕೆಲವು ನೋವಿನ ಮಾತ್ರೆಗಳು ಈ ರೋಗಿಗಳ ಕಿಡ್ನಿಗೆ ಇನ್ನಷ್ಟು ಹಾನಿ ಮಾಡುತ್ತವೆ. ಮೂತ್ರಕ್ಕೆ ಅದ್ದಿ ನೋಡುವ ಸಾಮಾನ್ಯ ಪಟ್ಟಿ ಮುಖ್ಯವಾಗಿ ಅಲ್ಬುಮಿನ್ ಹಿಡಿಯುತ್ತದೆ. ಬೆನ್ಸ್ ಜೋನ್ಸ್ ಪ್ರೋಟೀನು ಅದರ ಕಣ್ಣು ತಪ್ಪಿಸಬಹುದು. ಆದ್ದರಿಂದ “ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಬೇಕೇ ಡಾಕ್ಟ್ರೇ?” ಎಂದು ಕೇಳಿ. ಇಂಥ ಪರೀಕ್ಷೆಗೆ ದೂರದೂರಿಗೆ ಹೋಗಬೇಕಾಗಿಲ್ಲ. ಮಂಗಳೂರು, ಮಣಿಪಾಲದಲ್ಲಿ ಸೌಲಭ್ಯವಿದೆ.

ರೋಗವನ್ನು ಬುಡಸಮೇತ ಕೀಳುವುದು ಇಂದಿಗೂ ಕಷ್ಟ. ಆದರೆ ಬೇಗ ತಿಳಿದರೆ ಮೂಳೆ ಮುರಿಯುವ, ಕಿಡ್ನಿ ಸೋಲುವ ಮೊದಲೇ ಚಿಕಿತ್ಸೆ ಶುರುಮಾಡಿ ಹಲವು ಒಳ್ಳೆಯ ವರ್ಷಗಳನ್ನು ಗಳಿಸಬಹುದು. ಮನೆಯಲ್ಲಿ ಹಿರಿಯರಿರುವ ಮಕ್ಕಳು ಇಷ್ಟನ್ನು ನೆನಪಿಟ್ಟರೆ ನನ್ನ ಮಾತು ಸಾರ್ಥಕ.